ಲೌರಿಟ್ಸನಿಗೆ ಇಳಿಸಿದ ಬಾವುಟ

ಬೋಡಿಲ್ ಅವನನ್ನು ಮೊದಲು ಕಂಡದ್ದು ಗಂಡ ಲೌರಿಟ್ಸನ ಮಣ್ಣಿನ ದಿನ, ಚರ್ಚಿಗೆ ಹೊರಡುವ ಹೊತ್ತಿನಲ್ಲಿ. ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರೆ ರಸ್ತೆಯ ಅಂಚಿಗೆ ಒಂದು ಬೂದು ಬಣ್ಣದ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಎತ್ತರದ ಒಬ್ಬ ಗಂಡಸು. ವಯಸ್ಸು ಅರವತ್ತು ದಾಟಿದೆ, ಬೂಟಿಗೆ ಹೊಳೆಯುವ ಪಾಲಿಶು, ಟೋಪಿ ತಲೆಯ ಮೇಲಿಲ್ಲ, ಕೈಯಲ್ಲಿದೆ. ಅಂಗಳದ ಕಂಬದಲ್ಲಿ ಅರ್ಧಕ್ಕೆ ಇಳಿಸಿದ್ದ ಬಾವುಟವನ್ನೇ ನೋಡುತ್ತ ನಿಂತಿದ್ದ.

"ಒಂದು ಚಿತ್ರ ತಕ್ಕೊಳ್ಳಲಾ ಅಮ್ಮಾ?" ಎಂದ. "ಆಕಾಶ, ಒಡ್ಡು, ಬಾವುಟ, ಎಲ್ಲ ಎಷ್ಟು ಚೆನ್ನಾಗಿ ಕೂತಿದೆ."

ಟೋಪಿ ತೆಗೆದವನು ಸಾವಿನ ಮನೆ ಎಂದು ಅರಿತವನೇ ಇರಬೇಕು ಎಂದುಕೊಂಡಳು ಬೋಡಿಲ್. ತಕ್ಕೊಳ್ಳಿ ಎಂದು ತಲೆಯಾಡಿಸಿ ಮಗನ ಕಾರು ಹತ್ತಿದಳು. ಅವನು ಯಾರು ಎಂದು ಅವಳು ಕೇಳಲಿಲ್ಲ. ಬಾವುಟ ಯಾರಿಗೆ ಎಂದು ಅವನೂ ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಅವಳಿಗೆ ಇದೇ ನೆನಪಾಗುತ್ತಿತ್ತು. ಅರ್ಧಕ್ಕೆ ಇಳಿದ ಬಾವುಟ ಕಂಡರೆ ಅವಳೂರು ವೆಸ್ಟರ್‌ಕೋಗಿನಲ್ಲಿ ಸೈಕಲ್ಲಿನಲ್ಲಿ ಹೋಗುವವರೂ ಕಾಲು ಕೆಳಗೆ ಊರಿ ಮೊದಲು ಕೇಳುವ ಮಾತು "ಯಾರು?" ಎಂಬುದೇ.

ಕಂಬದ ಬುಡದಲ್ಲಿ ಎಲ್ನಾ ನಿಂತಿದ್ದಳು. ಎಲ್ನಾ ಎಂದರೆ ಸಮುದ್ರದ ಒಡ್ಡಿನ ಬುಡದ ಸಣ್ಣ ಮನೆಯವಳು, ಬೋಡಿಲಳ ಜತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವಳು. ಮಣ್ಣು ಹಾಕಿ ಮುಗಿದು ಚರ್ಚಿನ ಗಂಟೆ ಬಿತ್ತು ಎಂದರೆ ಬಾವುಟ ಅರ್ಧದಿಂದ ತುದಿಗೆ ಹೋಗಬೇಕು. ಅದಕ್ಕೆ ಒಬ್ಬರು ಮನೆಯಲ್ಲೇ ಉಳಿಯಬೇಕು. "ನೀನು ಹೋಗು. ಹಗ್ಗ ನಾನು ನೋಡ್ಕೋತೀನಿ," ಎಂದು ಲೌರಿಟ್ಸನ ಮಣ್ಣಿಗೂ ಹೋಗದೆ ಎಲ್ನಾ ಆ ಚಳಿಗಾಳಿಯಲ್ಲಿ ಹಗ್ಗ ಹಿಡಿದು ನಿಂತಳು. ಗಂಟೆ ಕೇಳಿತು. ಬಾವುಟ ತುದಿಗೆ ಹೋಯಿತು. ಬೋಡಿಲ್ ಹಿಂದಿರುಗಿ ಬರುವಾಗ ದೂರದಿಂದಲೇ ಅದು ಮೇಲೆ ಹಾರುವುದನ್ನು ಕಂಡಳು. ಆಗ ಅವಳ ಮನಸ್ಸಿಗೆ ಲೌರಿಟ್ಸನ ಕೆಲಸ ಮುಗಿಯಿತು ಎನಿಸಿತು. ಅಷ್ಟು ಹೊತ್ತಿಗೆ ಬೂದು ಕಾರು ಹೊರಟುಹೋಗಿತ್ತು.

ವಾರ ಕಳೆದಿರಬೇಕು. ಕಾಫಿ ಪುಡಿಗೆಂದು ಪ್ರೆಬೆನನ ಅಂಗಡಿಗೆ ಹೋದಳು. ಪ್ರೆಬೆನ್ ಬಾಯಿ ತೆರೆದರೆ ತಮಾಷೆ.

"ಬಾ ತಾಯಿ, ಬಾ. ನೀನೀಗ ದೊಡ್ಡ ಮನುಷ್ಯಳು. ಇನ್ಮೇಲೆ ನಿನ್ನ ಕಾಫಿ ಪುಡಿ ಮನೆಗೇ ತಂದುಕೊಡಬೇಕೇನೋ!"

"ಏನಯ್ಯಾ ನಿಂದು?"

ಅವನು ಫೋನು ಅವಳ ಮುಂದೆ ಹಿಡಿದ. ಅವಳದೇ ಅಂಗಳ, ಅವಳದೇ ಕಂಬ, ಅರ್ಧಕ್ಕೆ ಇಳಿದ ಬಾವುಟ. ಚಿತ್ರದ ಅಂಚಿನಲ್ಲಿ ಹಗ್ಗ ಹಿಡಿದ ಒಂದು ಮೊಣಕೈ ಮಾತ್ರ ಉಳಿದಿತ್ತು. ಎಲ್ನಾಳ ಮೊಣಕೈ. ಉಳಿದ ಎಲ್ನಾಳನ್ನು ಕತ್ತರಿಸಿ ಹಾಕಿದ್ದರು. ಮೇಲೆ ದಪ್ಪ ಅಕ್ಷರ. ಬೋಡಿಲಳಿಗೆ ಅಕ್ಷರಗಳು ಚಿಕ್ಕಂದಿನಿಂದಲೂ ಒಂದು ಕಡೆ ನಿಲ್ಲುವುದಿಲ್ಲ. ಹೆಸರು ಬರೆಯುತ್ತಾಳೆ, ಕೀರ್ತನೆ ಪುಸ್ತಕದಲ್ಲಿ ಬಾಯಿಪಾಠ ಇರುವುದನ್ನು ಓದುತ್ತಾಳೆ, ಅಷ್ಟೇ.

"ಓದು," ಎಂದಳು.

ಪ್ರೆಬೆನ್ ಗಂಟಲು ಸರಿಮಾಡಿಕೊಂಡು ಓದಿದ. "ಶಾಲೆ ಮುಚ್ಚುವ ಸುದ್ದಿ ಬಂದ ದಿನ ವೆಸ್ಟರ್‌ಕೋಗ್ ತನ್ನ ಬಾವುಟವನ್ನು ತಾನೇ ಅರ್ಧಕ್ಕೆ ಇಳಿಸಿತು. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಹಗ್ಗಕ್ಕೆ ಕೈ ಹಾಕಿದವಳು ಒಬ್ಬ ರೈತನ ಹೆಂಡತಿ. ರಾಜಧಾನಿಯ ದೊರೆಗಳೇ, ಇತ್ತ ನೋಡಿ, ಒಂದು ಹಳ್ಳಿ ತನ್ನ ಸಾವಿಗೆ ತಾನೇ ಅಳುತ್ತಿದೆ."

ಬೋಡಿಲಳ ಮೈಯೆಲ್ಲ ಉರಿದುಹೋಯಿತು. "ಹೆಂಡತಿ ಅಲ್ಲ, ವಿಧವೆ," ಎಂದಳು. "ಅದು ಲೌರಿಟ್ಸನಿಗೆ ಇಳಿಸಿದ್ದು."

"ಅಯ್ಯೋ, ನನಗೆ ಗೊತ್ತಿಲ್ವಾ? ಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನೇ. ಆದ್ರೆ ಒಳ್ಳೇ ಕೆಲಸಕ್ಕೆ ಬಂತಲ್ಲ ಬೋಡಿಲ್. ಲೌರಿಟ್ಸ್ ಇದ್ದಿದ್ರೆ ಅವನೂ ಖುಷಿ ಪಡ್ತಿದ್ದ."

"ಅವನು ಇದ್ದಿದ್ರೆ ಬಾವುಟ ಅರ್ಧಕ್ಕೆ ಯಾಕಯ್ಯಾ ಇಳೀತಿತ್ತು?"

ಪ್ರೆಬೆನ್ ಫೋನು ಜೇಬಿಗಿಟ್ಟು ಕಾಫಿ ಪುಡಿ ತೂಗಿದ.

ಆ ಪತ್ರಿಕೆಯ ಹೆಸರು ‘ಒಡ್ಡಿನ ಕಾವಲು’. ಕಾಗದದಲ್ಲಿ ಬರುವುದಿಲ್ಲ, ಫೋನಿನಲ್ಲೇ ಓದಬೇಕು. ಹಳೆಯದನ್ನು ಉಳಿಸಿ ಎನ್ನುವವರ ಪತ್ರಿಕೆ. ಚರ್ಚು, ರಾಣಿ, ಹಳ್ಳಿಯ ಶಾಲೆ, ಊಟಕ್ಕೆ ಮೊದಲು ಹಾಡು, ಇವೇ ಅದರ ಮಾತು. ಬೈಗುಳವೆಲ್ಲ ರಾಜಧಾನಿಗೆ. ಬೋಡಿಲ್ ಅದಕ್ಕೆ ಎದುರಾಳಿಯೇನೂ ಅಲ್ಲ. ಚುನಾವಣೆಯಲ್ಲಿ ಅವಳೂ ಲೌರಿಟ್ಸನೂ ಗುರುತು ಹಾಕುತ್ತಿದ್ದದ್ದು ಆ ಪತ್ರಿಕೆಯವರು ಹಾಕುವ ಕಡೆಗೇ. ಶಾಲೆ ಮುಚ್ಚಬಾರದು ಎನ್ನುವುದು ಅವಳ ಮಾತೂ ಹೌದು. ಅವಳ ಮಕ್ಕಳು ಅಲ್ಲಿ ಕಲಿತವರು. ಬೆಳಿಗ್ಗೆ ಆಟದ ಬಯಲಿನ ಗದ್ದಲ ಗಾಳಿಯಲ್ಲಿ ತೇಲಿ ಬಂದರೇ ಅವಳಿಗೆ ಕಾಫಿ ರುಚಿ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಎದುರಾಳಿ ಸುಳ್ಳು ಹೇಳಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಇವರು ತನ್ನವರು.

ಆಮೇಲೆ ನೋಡಿದರೆ ಊರೇ ಹಗ್ಗಕ್ಕೆ ಕೈಹಾಕಿತು. ಪ್ರೆಬೆನ್ ಇಳಿಸಿದ, ಹಾಲಿನವರು ಇಳಿಸಿದರು, ಶಾಲೆಯ ಎದುರಿನ ಮನೆಗಳೆಲ್ಲ ಇಳಿಸಿದವು. ಎಲ್ಲಿ ನೋಡಿದರೂ ಕೆಂಪು ಬಟ್ಟೆ ಅರ್ಧಕ್ಕೆ. ಅದಕ್ಕೂ ಕ್ರಮ ಬೇಡವೇ? ಮೊದಲು ತುದಿ ಮುಟ್ಟಿಸಿ ಆಮೇಲೆ ಅರ್ಧಕ್ಕೆ ಇಳಿಸಬೇಕು. ಹೊತ್ತು ಮುಳುಗುವ ಮೊದಲು ತೆಗೆದು, ನೆಲಕ್ಕೆ ತಾಗದಂತೆ ಮಡಚಿ ಒಳಗಿಡಬೇಕು. ಇವರು ರಾತ್ರಿಯೆಲ್ಲ ಮಂಜಿನಲ್ಲಿ ನೆನೆಯಲು ಬಿಟ್ಟರು. ನೆಂದ ಬಟ್ಟೆ ಕಂಬಕ್ಕೆ ಮೆತ್ತಿಕೊಂಡು ಒಣಗದ ಚೀಲದ ಹಾಗೆ ನೇತಾಡಿತು. ಬೋಡಿಲಳ ಕಂಬ ಬರಿದಾಗಿತ್ತು. "ಮೊದಲು ಇಳಿಸಿದವಳೇ ಈಗ ಇಳಿಸಲ್ಲ ಅಂದ್ರೆ ಹೇಗೆ?" ಎಂದು ಹಾಲಿನವನ ಹೆಂಡತಿ ಬೇಲಿಯ ಆಚೆಯಿಂದ ಕೇಳಿದಳು. ಬೋಡಿಲ್ ಕಿಟಕಿ ಹಾಕಿಕೊಂಡಳು.

ಮಾರನೆಯ ವಾರ ಬಸ್ಸು ಹತ್ತಿ ಪೇಟೆಗೆ ಹೋದಳು. ಪತ್ರಿಕೆಯ ಕಚೇರಿ ಎಂದರೆ ಮುಚ್ಚಿಹೋದ ಒಂದು ಬ್ಯಾಂಕಿನ ಮುಂಗೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಯ ತುಂಬ ಹಳೆಯ ಫೋಟೋ. ಒಳಗಿದ್ದವನು ಆ ಟೋಪಿಯವನೊಬ್ಬನೇ, ಹೆಸರು ಟೋರ್ಕಿಲ್ ಮುಲ್ವಾಡ್. ಬರೆಯುವವನು, ತಿದ್ದುವವನು, ಕಾಫಿ ಕಾಯಿಸುವವನು ಎಲ್ಲ ಅವನೇ. ಅವಳನ್ನು ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತ. ಕೋಟು ತೆಗೆದುಕೊಂಡು ಗೂಟಕ್ಕೆ ಹಾಕಿದ. ಗಸಗಸೆ ಉದುರಿಸಿದ ಬನ್ನು ಎರಡಾಗಿ ಸೀಳಿ ಬೆಣ್ಣೆ ಹಚ್ಚಿ ಕೊಟ್ಟ. ಇಂಥ ಮರ್ಯಾದಸ್ತನ ಮೇಲೆ ಕೂಗಾಡುವುದು ಕಷ್ಟ.

"ಆ ಬಾವುಟ ನನ್ನ ಗಂಡನಿಗೆ ಇಳಿಸಿದ್ದು," ಎಂದಳು.

"ಗೊತ್ತಮ್ಮ. ಟೋಪಿ ತೆಗೆದಿದ್ದೆನಲ್ಲ."

ಅವಳು ಕಾಫಿ ಕಪ್ಪು ಕೆಳಗಿಟ್ಟಳು. ಗೊತ್ತಿಲ್ಲದೆ ಆಯಿತು, ತಪ್ಪಾಯಿತು ಎನ್ನುತ್ತಾನೆ ಎಂದುಕೊಂಡು ಬಂದಿದ್ದಳು. ದಾರಿಯುದ್ದಕ್ಕೂ ಅದಕ್ಕೇ ಉತ್ತರ ಕಟ್ಟಿಕೊಂಡಿದ್ದಳು.

"ಗೊತ್ತಿದ್ದೂ ಬರೆದ್ರಾ?"

"ಕೇಳಿ ಇಲ್ಲಿ." ಅವನು ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದ. ಹಾಲಿನ ಡೈರಿಯ ಮುಂದೆ ಬಿಳಿ ಅಂಗಿಯ ಒಬ್ಬ ಗಂಡಸು, ಪಕ್ಕದಲ್ಲಿ ಒಬ್ಬ ಹುಡುಗ. "ಇವರು ನಮ್ಮಪ್ಪ. ಡೈರಿ ನಡೆಸ್ತಿದ್ದರು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆ ಮುಚ್ಚಿದರು. ನಮ್ಮನ್ನ ಬಸ್ಸಿಗೆ ಹಾಕಿ ದೂರದೂರಿಗೆ ಕಳಿಸಿದರು. ಶಾಲೆ ಹೋದ ಮೇಲೆ ಅಂಗಡಿ ಹೋಯ್ತು, ಅಂಗಡಿ ಆದ್ಮೇಲೆ ಡೈರಿ. ಈಗ ಅಲ್ಲಿ ಪಾದ್ರಿಯೂ ಇಲ್ಲ. ಯಾರೂ ಒಂದು ಮಾತು ಆಡಲಿಲ್ಲಮ್ಮ. ನಮ್ಮಪ್ಪನೂ ಆಡಲಿಲ್ಲ. ಮೂವತ್ತು ವರ್ಷ ಈ ಪೇಟೆಯ ದಿನಪತ್ರಿಕೆಯಲ್ಲಿ ದುಡಿದೆ, ಅದನ್ನೂ ಮುಚ್ಚಿದರು. ಆಗ ಇದನ್ನ ಶುರು ಮಾಡಿದೆ. ಇನ್ನೊಂದು ಊರು ಸದ್ದಿಲ್ಲದೆ ಸಾಯೋಕೆ ನಾನು ಬಿಡಲ್ಲ."

ಅವನ ಕಣ್ಣು ಕೆಂಪಾಗಿತ್ತು. ಮಾತು ನಿಜ ಎಂದು ಬೋಡಿಲಳಿಗೂ ಗೊತ್ತಾಯಿತು. ಆದರೆ ತಾನು ಬಂದದ್ದು ಅದಕ್ಕಲ್ಲ.

"ನಿಮ್ಮ ಶಾಲೆಗೆ ನನ್ನ ಗಂಡನ ಸಾವು ಯಾಕೆ ಸ್ವಾಮಿ? ಒಂದು ಸಾಲು ಬರೀರಿ. ಇದು ಲೌರಿಟ್ಸನ ಬಾವುಟ, ಮಣ್ಣಾದ ಮೇಲೆ ತುದಿಗೆ ಏರಿತು ಅಂತ. ಅಷ್ಟೇ. ನಿಮ್ಮ ಚಿತ್ರದಲ್ಲಿ ಅದು ಮೇಲೇರೋದೇ ಇಲ್ಲ. ದಿನಾ ಅರ್ಧಕ್ಕೇ ಇರುತ್ತೆ. ಅವನಿಗೆ ಇನ್ನೂ ಮಣ್ಣೇ ಆಗಿಲ್ಲ ಅನ್ನೋ ಹಾಗೆ."

"ಬರೀತೀನಿ. ಶಾಲೆ ಮುಚ್ಚೋದೋ ಬೇಡವೋ ಅಂತ ಸಭೆಯವರು ಓಟು ಹಾಕಲಿ ಮೊದಲು. ಈಗ ಬರೆದರೆ, ನೋಡಿ, ಎಲ್ಲ ಸುಳ್ಳು ಅಂತ ಶಾಲೆ ಮುಚ್ಚೋರು ಕುಣೀತಾರೆ. ಶಾಲೆ ಹೋಗುತ್ತೆ. ನಿಮಗೆ ಅದೇ ಬೇಕಾ?"

"ನೀವು ಹಳೇದನ್ನ ಉಳಿಸೋರು ತಾನೇ?"

"ಹೌದು."

"ಹಂಗಾದ್ರೆ ಒಂದು ಹಗ್ಗದ ಮರ್ಯಾದೆ ಉಳಿಸೋಕಾಗಲ್ವಾ?"

"ಓಟು ಆಗಲಿ ಅಮ್ಮ," ಎಂದ ಅವನು. ಬಸ್ಸು ನಿಲ್ಲುವ ಜಾಗದವರೆಗೂ ಬಂದು, ಅವಳು ಹತ್ತುವಾಗ ಟೋಪಿ ತೆಗೆದ. ಆ ಟೋಪಿ ಕಂಡು ಅವಳಿಗೆ ಮತ್ತೆ ಮೈ ಉರಿಯಿತು.

ಓಟಿಗೆ ಇನ್ನೂ ಕೆಲವು ದಿನ ಇದ್ದವು. ಒಂದು ಮಧ್ಯಾಹ್ನ ಬೋಡಿಲ್ ಸೈಕಲ್ಲು ಹತ್ತಿ ಎಲ್ನಾಳ ಮನೆಯ ಕಡೆಗೆ ಹೊರಟಳು. ಬುಟ್ಟಿಯಲ್ಲಿ ರೈ ಹಿಟ್ಟಿನ ರೊಟ್ಟಿ ಇತ್ತು. ಪೇಟೆಯಲ್ಲಿ ನಡೆದದ್ದನ್ನು ಹೇಳಿ ಹೊಟ್ಟೆಯ ಉರಿ ಇಳಿಸಿಕೊಳ್ಳಬೇಕಿತ್ತು. ತಿರುವು ದಾಟುತ್ತಲೇ ಎಲ್ನಾಳ ಕಂಬ ಕಾಣಿಸಿತು. ಬಾವುಟ ಅರ್ಧಕ್ಕೆ.

ಇವಳೂನಾ!

ಬೋಡಿಲ್ ಬ್ರೇಕು ಹಿಡಿಯಲಿಲ್ಲ. ಲೌರಿಟ್ಸನಿಗೆ ತನ್ನ ಕೈಯಾರೆ ಬಾವುಟ ಏರಿಸಿದವಳು, ಇವಳೂ ಆ ಟೋಪಿಯವನ ಮಾತು ಕಟ್ಟಿಕೊಂಡು ಬಾವುಟ ಇಳಿಸಿದಳಲ್ಲ! ಬಾಗಿಲ ಕಡೆ ತಲೆ ಕೂಡ ತಿರುಗಿಸದೆ, ಗಾಳಿಗೆ ಎದುರಾಗಿ ತುಳಿದುಕೊಂಡು ಒಡ್ಡಿನವರೆಗೂ ಹೋಗಿ, ಬೇರೆ ದಾರಿಯಿಂದ ಮನೆ ಸೇರಿದಳು. ರೊಟ್ಟಿ ತಾನೇ ತಿಂದಳು, ಸಿಟ್ಟಿಗೆ ಎರಡು ತುಂಡು ಹೆಚ್ಚಾಗಿಯೇ.

ಮಾರನೆಯ ದಿನ ಪ್ರೆಬೆನ್ ಅಂಗಡಿಯಿಂದ ಓಡಿ ಬಂದ. ಬಾಯಲ್ಲಿ ತಮಾಷೆ ಇರಲಿಲ್ಲ.

"ಬೋಡಿಲ್, ಎಲ್ನಾ ಹೋಗಿಬಿಟ್ಟಳಂತೆ. ನಿನ್ನೆ ಬೆಳಿಗ್ಗೆ ಮನೆಗೆ ಬರೋ ನರ್ಸು ನೋಡಿದಾಗಲೇ ಹೋಗಿದ್ದಳಂತೆ. ಅಕ್ಕನ ಮಗ ಬಂದು ಬಾವುಟ ಇಳಿಸಿ ಪೆಟ್ಟಿಗೆ ಗೊತ್ತುಮಾಡೋಕೆ ಪೇಟೆಗೆ ಹೋದನಂತೆ. ನಾನು ಎರಡು ಸಲ ಅದೇ ದಾರೀಲಿ ವ್ಯಾನು ಓಡಿಸಿದೀನಿ ಕಣೇ. ನೋಡಿದೆ. ಶಾಲೆಗೆ ಇಳಿಸಿದ್ದಾಳೆ ಅಂದ್ಕೊಂಡೆ."

ಹಾಲಿನವನ ಹೆಂಡತಿಯೂ ನೋಡಿದ್ದಳು, ಪಾದ್ರಿಯ ತೋಟದವನೂ ನೋಡಿದ್ದ. ಕಂಬ ತನ್ನ ಕೆಲಸ ಮಾಡಿತ್ತು, ಹೇಳಬೇಕಾದದ್ದನ್ನು ಹೇಳಿತ್ತು. ಆದರೆ ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ "ಯಾರು?" ಎನ್ನಲಿಲ್ಲ. ಎಲ್ನಾ ಆ ಮನೆಯಲ್ಲಿ ಒಂದು ಹಗಲು ಒಂದು ರಾತ್ರಿ ಒಬ್ಬಳೇ ಮಲಗಿದ್ದಳು. ಹೊರಗೆ ಅವಳ ಗೆಳತಿ ಮುಖ ತಿರುಗಿಸಿಕೊಂಡು ಸೈಕಲ್ಲು ತುಳಿದಿದ್ದಳು.

ಬೋಡಿಲ್ ಪ್ರೆಬೆನನ ಫೋನಿನಿಂದ ಪತ್ರಿಕೆಗೆ ಮಾತಾಡಿದಳು. "ಶನಿವಾರ ಎಲ್ನಾಳ ಮಣ್ಣು," ಎಂದಳು. "ಅಷ್ಟರೊಳಗೆ ಬರೀರಿ. ಶಾಲೆಗೆ ಇಳಿಸಿದ್ದನ್ನೆಲ್ಲ ಮೇಲೆತ್ತಿ ಅಂತ ಬರೀರಿ. ಅವಳ ಬಾವುಟ ಒಂದೇ ಅರ್ಧಕ್ಕೆ ಇರಬೇಕು. ಜನ ನೋಡಬೇಕು."

ಆ ಕಡೆಯಿಂದ ಟೋರ್ಕಿಲ್ ಹೇಳಿದ. "ಮಂಗಳವಾರ ಓಟು ಅಮ್ಮ. ಟೀವಿಯವರು ಬರ್ತಾರೆ. ಬಾವುಟ ಕಾಣದೆ ಹೋದರೆ ಮುಗೀತು. ನನ್ನ ಕೈಲಿ ಆಗಲ್ಲ. ಕ್ಷಮಿಸಿ."

"ನಿಮ್ಮ ಕೈಲಿ ಆಗಲ್ಲ. ಸರಿ," ಎಂದು ಫೋನು ಪ್ರೆಬೆನನ ಕೈಗೆ ಕೊಟ್ಟಳು.

ಶನಿವಾರ ಅವಳು ಚರ್ಚಿಗೆ ಹೋಗಲಿಲ್ಲ. ಎಲ್ನಾಳ ಅಂಗಳದಲ್ಲಿ ಹಗ್ಗ ಹಿಡಿದು ನಿಂತಳು. ಮೋಡ ಕವಿದಿತ್ತು, ಒಡ್ಡಿನ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟಿದ್ದವು. ಗಂಟೆ ಕೇಳಿತು. ಎಂಬತ್ತಾದ ಕೈ, ಬೆರಳಲ್ಲಿ ವಾತ. ಆದರೂ ಸರಸರ ಎಳೆದಳು. ಬಾವುಟ ತುದಿ ಮುಟ್ಟಿ ಬಿಚ್ಚಿಕೊಂಡಿತು. ಹಗ್ಗ ಗಂಟು ಹಾಕಿ ಊರ ಕಡೆ ತಿರುಗಿ ನೋಡಿದಳು. ಉಳಿದವೆಲ್ಲ ಅರ್ಧಕ್ಕೇ ಇದ್ದವು. ಎಲ್ನಾಳ ಬಾವುಟ ಮೇಲೆ ಹೋದದ್ದು ಯಾರಿಗೂ ತಿಳಿಯುವಂತಿರಲಿಲ್ಲ.

ಬೋಡಿಲ್ ಸೈಕಲ್ಲು ಹತ್ತಿದಳು. ಮೊದಲ ಮನೆ ಹಾಲಿನವರದು. ಸೀದಾ ಅಂಗಳಕ್ಕೆ ನುಗ್ಗಿ ಹಗ್ಗಕ್ಕೆ ಕೈಹಾಕಿದಳು. ಆ ಹೆಂಗಸು ಏಪ್ರನ್ನಿನಲ್ಲೇ ಹೊರಗೆ ಓಡಿ ಬಂದಳು.

"ಏ, ಏನು ಮಾಡ್ತಿದೀಯ? ಅದು ನಮ್ಮ ಕಂಬ!"

"ನಿಮ್ಮನೇಲಿ ಯಾರು ಸತ್ತಿದ್ದಾರೆ?"

"ಯಾರೂ ಸತ್ತಿಲ್ಲ! ಬಿಡ್ತು ಅನ್ನು!"

"ಹಂಗಾದ್ರೆ ಮೇಲೆ ಹೋಗ್ಲಿ."

ಮೇಲೆ ಕಳಿಸಿ ಪಕ್ಕದ ಮನೆಗೆ ಹೋದಳು. "ಯಾರು ಸತ್ತಿದ್ದಾರೆ ಇಲ್ಲಿ?" ಒಬ್ಬ ಗದರಿದ, ಪೊಲೀಸರಿಗೆ ಹೇಳ್ತೀನಿ ಎಂದ. "ಹೇಳಪ್ಪಾ, ಯಾರು ಸತ್ತಿದ್ದಾರೆ ಅಂತ ಅವರೂ ಕೇಳ್ತಾರೆ," ಎಂದಳು. ಇನ್ನೊಬ್ಬ ನಾಚಿಕೊಂಡು ತಾನೇ ಎಳೆದ. ಅಂಗಡಿಗೆ ಬರುವ ಹೊತ್ತಿಗೆ ಪ್ರೆಬೆನ್ ಮಣ್ಣು ಮುಗಿಸಿ ಬಂದಿದ್ದ. ಅವಳ ಮುಖ ನೋಡಿ, ತನ್ನ ಹಗ್ಗ ಬಿಚ್ಚಿ ಬಾವುಟ ಏರಿಸಿದ.

ಶಾಲೆಯ ಮುಂದೆ ಬೂದು ಕಾರು ನಿಂತಿತ್ತು. ಯಾರೋ ಫೋನು ಮಾಡಿ ಕರೆಸಿದ್ದರು. ಟೋರ್ಕಿಲ್ ಕೆಳಗಿಳಿದು ಕ್ಯಾಮೆರಾ ಎತ್ತಿದ.

"ಈ ಸಲ ಚಿತ್ರ ಕೊಡಲ್ಲ," ಎಂದಳು ಬೋಡಿಲ್. ಅವಳ ಅಂಗೈ ಕೆಂಪಾಗಿ ಚರ್ಮ ಕಿತ್ತಿತ್ತು.

ಅವನು ಕ್ಯಾಮೆರಾ ಇಳಿಸಿದ. "ಶಾಲೆ ಹೋದರೆ ಈ ಊರು ನಿಮ್ಮನ್ನ ಕ್ಷಮಿಸಲ್ಲ ಅಮ್ಮ."

"ಎಲ್ನಾ ಹೋದ ದಿನ ಈ ಊರಿಗೆ ಅವಳು ಕಾಣಲಿಲ್ಲ. ನನಗೂ ಕಾಣಲಿಲ್ಲ. ಹಿಂದೆ ಎಲ್ಲರಿಗೂ ಕಾಣ್ತಿತ್ತು. ಅದನ್ನ ನಮ್ಮಿಂದ ಕಿತ್ತುಕೊಂಡೋರು ರಾಜಧಾನಿಯವರಲ್ಲ, ನೀವು. ನಿಮ್ಮ ಚಿತ್ರದಲ್ಲಿ ಒಂದು ಮೊಣಕೈ ಇದೆಯಲ್ಲ, ಅದು ಅವಳದೇ. ಮನೆಗೆ ಹೋಗಿ ನೋಡಿ."

ಅವಳು ಶಾಲೆಯ ಕಂಬಕ್ಕೂ ಕೈಹಾಕಿದಳು. ಕೊನೆಯ ಎಳೆತಕ್ಕೆ ಕೈ ಸೋತಿತು. ಅವನು ಸಹಾಯಕ್ಕೆ ಒಂದು ಹೆಜ್ಜೆ ಮುಂದಿಟ್ಟ. "ಮುಟ್ಟಬೇಡಿ," ಎಂದಳು. ನಿಂತು ಉಸಿರು ತೆಗೆದುಕೊಂಡು ಅವಳೇ ಮುಗಿಸಿದಳು.

ಮಂಗಳವಾರ ಒಂದೇ ಓಟಿನಿಂದ ಶಾಲೆ ಉಳಿಯಿತು. ಇಳಿಸಿದ ಬಾವುಟದಿಂದ ಉಳಿಯಿತೋ, ಏರಿಸಿದ ಮೇಲೂ ಉಳಿಯಿತೋ, ಯಾರು ಹೇಳುತ್ತಾರೆ? ಬುಧವಾರ ‘ಒಡ್ಡಿನ ಕಾವಲು’ ದೊಡ್ಡ ಲೇಖನ ಹಾಕಿತು, ಊರಿನ ಗೆಲುವು ಎಂದು. ಮೇಲೆ ಅದೇ ಚಿತ್ರ. ಅದೇ ಅರ್ಧಕ್ಕೆ ಇಳಿದ ಬಾವುಟ, ಅದೇ ಮೊಣಕೈ. ಕೊಟ್ಟ ಮಾತಿನ ಒಂದು ಸಾಲೂ ಇರಲಿಲ್ಲ. ಪ್ರೆಬೆನ್ ಕೊನೆಯವರೆಗೂ ಓದಿ ಫೋನು ಮಗುಚಿಟ್ಟ. ಬೋಡಿಲ್ ಮನೆಗೆ ಹೋಗಿ ಕಂಬದ ಹಗ್ಗವನ್ನೇ ಬಿಚ್ಚಿ ಸುತ್ತಿ ಕೊಟ್ಟಿಗೆಯಲ್ಲಿ ಎಸೆದಳು. ಮೊಮ್ಮಗಳ ಹುಟ್ಟುಹಬ್ಬಕ್ಕೂ ಬಾವುಟ ಏರಲಿಲ್ಲ. ಬೆಳಿಗ್ಗೆ ಶಾಲೆಯ ಗದ್ದಲ ಮೊದಲಿನಂತೆ ಬರುತ್ತಿತ್ತು. ಕೇಳಲು ಹಿತವಾಗಿಯೇ ಇತ್ತು, ಅದಕ್ಕೂ ಅವಳಿಗೆ ಸಿಟ್ಟೇ.

ಅದಾದ ಎರಡನೆಯ ಚಳಿಗಾಲದಲ್ಲಿ ಪೇಟೆಯ ಆಸ್ಪತ್ರೆಯಿಂದ ಫೋನು ಬಂತು. ಟೋರ್ಕಿಲ್ ಮುಲ್ವಾಡನಿಗೆ ಶ್ವಾಸಕೋಶದ ಕಾಯಿಲೆ, ಹೆಚ್ಚು ದಿನವಿಲ್ಲ, ನಿಮ್ಮನ್ನು ನೋಡಬೇಕಂತೆ. ಹೋಗುವುದಿಲ್ಲ ಎಂದು ಬೆಳಿಗ್ಗೆ ಎಂದುಕೊಂಡಳು. ಮಧ್ಯಾಹ್ನದ ಬಸ್ಸಿಗೆ ಹೋದಳು.

ಅವನು ಹಾಸಿಗೆಯಲ್ಲಿ ಅರ್ಧಕ್ಕೆ ಅರ್ಧವಾಗಿದ್ದ. ತಲೆದಿಂಬಿನ ಪಕ್ಕದಲ್ಲಿ ಕಂಪ್ಯೂಟರು. ಗೂಟದಲ್ಲಿ ಟೋಪಿ.

"ಮತ್ತೆ ಚಿತ್ರ ಬೇಕಾಯ್ತೇನು?" ಎಂದಳು ಕೂರದೆ.

ಅವನು ನಗಲು ಹೋಗಿ ಕೆಮ್ಮಿದ. ನರ್ಸಿನ ಕಡೆ ಕಂಪ್ಯೂಟರು ತಳ್ಳಿದ. "ಇವರಿಗೆ ಓದಿ ಹೇಳಮ್ಮ."

ನರ್ಸು ಓದಿದಳು. ಪತ್ರಿಕೆಯಲ್ಲಿ ಅದೇ ಚಿತ್ರದ ಕೆಳಗೇ ಇತ್ತಂತೆ. ಈ ಬಾವುಟ ಶಾಲೆಗಾಗಿ ಇಳಿಸಿದ್ದಲ್ಲ. ವೆಸ್ಟರ್‌ಕೋಗಿನ ಲೌರಿಟ್ಸ್ ತೀರಿಕೊಂಡದ್ದಕ್ಕೆ ಇಳಿಸಿದ್ದು. ಹಗ್ಗ ಹಿಡಿದವಳು ಎಲ್ನಾ, ಅವಳೂ ಈಗಿಲ್ಲ. ಮಣ್ಣಾದ ಮೇಲೆ ಬಾವುಟ ತುದಿಗೆ ಏರಿತು. ಪತ್ರಿಕೆಗೆ ಇದು ಮೊದಲಿನಿಂದಲೂ ಗೊತ್ತಿತ್ತು.

"ಇನ್ನೊಂದು ಸಲ ಓದು," ಎಂದಳು ಬೋಡಿಲ್. ನರ್ಸು ಓದಿದಳು.

"ಇಷ್ಟು ಬರೆಯೋಕೆ ಹಾಸಿಗೆ ಹಿಡೀಬೇಕಾಯ್ತಾ ನೀವು?" ಎಂದಳು ಅವನಿಗೆ. "ಕೂತು ಬರೆಯೋಕೆ ಆಗ್ತಿರಲಿಲ್ವಾ? ಎಲ್ನಾ ಕೇಳಿಸಿಕೊಳ್ಳೋ ಹಂಗೆ ಬರೆಯೋಕೆ ಆಗ್ತಿರಲಿಲ್ವಾ?"

"ಆಗ್ತಿತ್ತು," ಎಂದ ಅವನು.

ಅವನು ಬೇರೇನಾದರೂ ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳೇನೋ. ಅಷ್ಟೇ ಹೇಳಿದ್ದರಿಂದ ಕುರ್ಚಿ ಎಳೆದುಕೊಂಡು ಕೂತಳು. ಕೋಟು ಬಿಚ್ಚಲಿಲ್ಲ. ಕಿಟಕಿಯ ಹೊರಗೆ ಬರೀ ಕಾರು ನಿಲ್ಲಿಸುವ ಬಯಲು.

"ನನ್ನದು ಮೂರನೇ ಮಹಡಿ ಮನೆ," ಎಂದ ಅವನು. "ಕಂಬ ಇಲ್ಲ. ನಮ್ಮೂರಲ್ಲಿ ಡೈರಿಯ ಮುಂದೆ ಒಂದು ಕಂಬ ಇತ್ತು, ಅದನ್ನೂ ಕಿತ್ತರು. ನಿಮ್ಮ ಅಂಗಳದ ಕಂಬದಲ್ಲಿ ನನಗೆ ಒಂದು ದಿನ ಕೊಡ್ತೀರಾ ಬೋಡಿಲ್?"

"ಹಗ್ಗ ಬಿಚ್ಚಿ ಹಾಕಿದೀನಿ," ಎಂದಳು ಅವಳು. "ನಿಮ್ಮಿಂದಲೇ."

ಅವನು ತಲೆಯಾಡಿಸಿದ. ಕಣ್ಣು ಮುಚ್ಚಿದ. ನಿದ್ದೆ ಹೋದನೆಂದು ಅವಳು ಎದ್ದು ಕೈಚೀಲ ತೆಗೆದುಕೊಂಡಳು. ಬಾಗಿಲು ದಾಟುವಾಗ ಹಿಂದಿನಿಂದ ಅವನ ದನಿ ಬಂತು, ಹೊರಗಿನ ಗಾಡಿಗಳ ಸದ್ದಿನಲ್ಲಿ ಕೇಳಿಯೂ ಕೇಳದ ಹಾಗೆ.

"ಒಂದು ವೇಳೆ ಹಗ್ಗ ಕಟ್ಟಿದಿರಿ ಅನ್ನಿ. ದಾರೀಲಿ ಹೋಗೋರು ಯಾರಾದ್ರೂ ನಿಂತು, ಯಾರು ಅಂತ ಕೇಳಿದ್ರೆ, ನನ್ನ ಹೆಸರು ಹೇಳ್ತೀರಾ?"